ಹಳೇ ಸೀರೆಯ ಕೌದಿ, ಮಕ್ಕಳ ಶಾಲೆಯ ಖರ್ಚು

ಜೂನ್ ತಿಂಗಳು ಬಂತೆಂದರೆ ನಮ್ಮ ಗದಗ ಸೀಮೆಯ ಮನೆಗಳಲ್ಲಿ ಎರಡು ಖರ್ಚು ಒಟ್ಟಿಗೇ ಬಂದು ನಿಲ್ಲುತ್ತವೆ. ಒಂದು, ಹೊಲಕ್ಕೆ ಬೀಜ-ಗೊಬ್ಬರ. ಇನ್ನೊಂದು, ಮಕ್ಕಳ ಶಾಲೆ. ಹೊಲ ಇಲ್ಲದವರಿಗೆ ಮೊದಲನೆಯದು ತಪ್ಪೀತು, ಎರಡನೆಯದು ಯಾರಿಗೂ ತಪ್ಪಿದ್ದಲ್ಲ. “ಸರ್ಕಾರಿ ಸಾಲ್ಯಾಗ ಫೀನೇ ಇಲ್ಲಲ್ರಿ, ಖರ್ಚು ಎಲ್ಲಿಂದ ಬಂತು?” ಎಂದು ಕೇಳುವವರಿದ್ದಾರೆ. ನಿಜ, 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ ಮತ್ತು ಕಡ್ಡಾಯ. ಆದರೆ ಹದಿನಾಲ್ಕು ದಾಟಿದ ಮೇಲೆಯೇ ಅಲ್ಲವೇ ತಾಯಿಗೆ ನಿಜವಾದ ಚಿಂತೆ? ಪಿ.ಯು.ಸಿ., ಡಿಪ್ಲೊಮಾ, ನರ್ಸಿಂಗ್, ಊಟದ ಡಬ್ಬಿ, ಪುಸ್ತಕ, ಹಾಸ್ಟೆಲ್ಲು, ಟ್ಯೂಶನ್ನು... ಗಂಡನ ಗಳಿಕೆ ದಿನಸಿಗೇ ಸರಿಹೋಗುವ ಮನೆಯಲ್ಲಿ ಈ ಖರ್ಚಿಗೆ ದಾರಿ ಹುಡುಕುವ ಕೆಲಸ ಗೃಹಿಣಿಯ ಪಾಲಿಗೇ ಬರುತ್ತದೆ.

“ಮನೆಯಲ್ಲೇ ಕೂತು ಏನಾದರೂ ಮಾಡಿ ನಾಲ್ಕು ಕಾಸು ಗಳಿಸುವ ದಾರಿ ಹೇಳಿ” ಎಂದು ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸೋದರಿಯರು ಮೇಲಿಂದ ಮೇಲೆ ಬರೆಯುತ್ತಿರುತ್ತಾರೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ, ಶೇಂಗಾ ಹೋಳಿಗೆಯ ಬಗ್ಗೆ ಈ ಪುಟದಲ್ಲಿ ಮಾತಾಡಿದ್ದಾಗಿದೆ. ಈ ಸಲ ಅಡುಗೆಮನೆ ಬಿಟ್ಟು ಟ್ರಂಕಿನ ತಳಕ್ಕೆ ಕೈ ಹಾಕೋಣ. ಅಲ್ಲಿ ಏನಿದೆ? ಅಂಚು ಹರಿದ ಇಳಕಲ್ ಸೀರೆ, ಅತ್ತೆಯವರ ಹಳೇ ಪತ್ತಲ, ಮಕ್ಕಳಿಗೆ ಗಿಡ್ಡವಾದ ಅಂಗಿ-ಲಂಗ. ಬಾಂಡೆ ಸಾಮಾನಿನವಳಿಗೆ ಹಾಕಿದರೆ ಒಂದು ಸ್ಟೀಲಿನ ಬಟ್ಟಲು ಬಂದೀತು. ಕೌದಿ ಹೊಲಿದರೆ?

“ಅಯ್ಯ, ಕೌದಿನ ಯಾರ ಕೊಳ್ತಾರ ಬಿಡ್ರಿ” ಎನ್ನಬೇಡಿ. ಕೊಳ್ಳುವವರಿದ್ದಾರೆ. ಅಷ್ಟೇ ಅಲ್ಲ, ಉತ್ತರ ಕನ್ನಡ ಜಿಲ್ಲೆಯ ಕೌದಿಗಳು ಸಮುದ್ರ ದಾಟಿ ಹೋಗಿ ಗೋಡೆಯ ಮೇಲೆ ಚಿತ್ರದಂತೆ ತೂಗಿಸಿಕೊಂಡಿವೆ. ಆ ಕಥೆಯನ್ನು ಮೊದಲು ಕೇಳಿ.

ಆಫ್ರಿಕದ ಕೈ, ಕನ್ನಡದ ಕೌದಿ

ಮಕ್ಕಳ ಓದಿಗೆಂದು ಕೈಗೆಲಸ ಮಾರುವ ತಾಯಂದಿರು ಲೋಕದಲ್ಲೆಲ್ಲ ಇದ್ದಾರೆ. ಆಫ್ರಿಕದ ಕೀನ್ಯಾ ದೇಶದಲ್ಲಿ ಕಾಂಬಾ ಮತ್ತು ಕಿಕುಯು ಜನಾಂಗದ ಹೆಂಗಸರು ಕತ್ತಾಳೆ ನಾರಿನಿಂದ ‘ಕಿಯೊಂಡೊ’ ಎಂಬ ಗಟ್ಟಿಯಾದ ಬುಟ್ಟಿಚೀಲ ಹೆಣೆಯುತ್ತಾರೆ. ಯುಗಾಂಡದವರು ಹಳೆಯ ಕಾಗದವನ್ನು ಉದ್ದುದ್ದ ತ್ರಿಕೋನವಾಗಿ ಕತ್ತರಿಸಿ, ಸುರುಳಿ ಸುತ್ತಿ, ಅಂಟು ಮತ್ತು ವಾರ್ನಿಷ್ ಹಚ್ಚಿ ಮಣಿಸರ ಮಾಡುತ್ತಾರೆ. ನಾವು ರದ್ದಿಯವನಿಗೆ ತೂಗಿ ಕೊಡುವ ಕಾಗದ ಅಲ್ಲಿ ಕೊರಳ ಸರವಾಗುತ್ತದೆ. ಯುಗಾಂಡದಲ್ಲಿ 1997ರಲ್ಲಿ, ಕೀನ್ಯಾದಲ್ಲಿ 2003ರಲ್ಲಿ ಪ್ರಾಥಮಿಕ ಶಾಲೆಯ ಫೀ ರದ್ದಾಯಿತು. ಆದರೂ ಸಮವಸ್ತ್ರ, ಪುಸ್ತಕ, ಮುಂದಿನ ತರಗತಿಗಳ ಖರ್ಚು ಅಲ್ಲಿಯ ತಾಯಂದಿರಿಗೂ ತಪ್ಪಲಿಲ್ಲ. ಕೇಳಿದರೆ ನಮ್ಮದೇ ಮಾತಿನ ಹಾಗಿಲ್ಲವೇ?

ಆದರೆ ಆಫ್ರಿಕದ ಕೈಗಳನ್ನು ಕಾಣಲು ಅಷ್ಟು ದೂರ ಹೋಗಬೇಕಿಲ್ಲ. ಲಕ್ಷ್ಮೇಶ್ವರದಿಂದ ಪಶ್ಚಿಮಕ್ಕೆ ಶಿಗ್ಗಾವಿ, ಬಂಕಾಪುರದ ಮೇಲೆ ಹೋದರೆ ಮುಂಡಗೋಡ ಬರುತ್ತದೆ. (ನಮ್ಮ ಮುಂಡರಗಿ ಬೇರೆ, ಈ ಮುಂಡಗೋಡ ಬೇರೆ.) ಮುಂಡಗೋಡ, ಹಳಿಯಾಳ, ಯಲ್ಲಾಪುರದ ಕಾಡಿನ ಮಗ್ಗುಲಲ್ಲಿ ಸಿದ್ದಿಯರು ಇದ್ದಾರೆ. ಇವರ ಪೂರ್ವಿಕರು ಪೂರ್ವ ಆಫ್ರಿಕದವರು. ಹದಿನಾರನೆಯ ಶತಮಾನದಿಂದ ಮುಂದೆ ಪೋರ್ಚುಗೀಸರು ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ವಿಜಯಪುರದ ಆದಿಲಶಾಹಿ ಆಸ್ಥಾನದಲ್ಲಿ ದೊಡ್ಡ ಪದವಿಗೇರಿದ ಇಖ್ಲಾಸ್ ಖಾನನಂಥ ಹಬಶಿ ಸರದಾರರೂ ಆಫ್ರಿಕದ ಮೂಲದವರೇ. ಆದರೆ ಕಾಡಿನಲ್ಲಿ ನೆಲೆಸಿದವರ ಪಾಲಿಗೆ ಅಂಥ ಸಿರಿ ಬರಲಿಲ್ಲ. ಕೂಲಿ, ಬೇರೆಯವರ ತೋಟದ ಕೆಲಸ, ಕಾಡಿನ ಉತ್ಪನ್ನ ಇವೇ ಬದುಕಾದವು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಮಾತು ಕನ್ನಡ, ಕೊಂಕಣಿ, ಉರ್ದು, ಮರಾಠಿ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಯರಿಗೆ 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾಗಿ ನೇಮಕಗೊಂಡರು. ಮಾನ್ಯತೆ ಬಾರದೆ ಹೋದ ವರ್ಷಗಳಲ್ಲಿ ಎಷ್ಟು ಮಕ್ಕಳು ವಿದ್ಯಾರ್ಥಿವೇತನವಿಲ್ಲದೆ ಶಾಲೆ ಬಿಟ್ಟಿರಬಹುದು, ನೀವೇ ಯೋಚಿಸಿ.

ಈ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಅವರು ‘ಕವಂದಿ’ ಎನ್ನುತ್ತಾರೆ. ನಮ್ಮ ಕೌದಿಗೆ ನೆಂಟಸ್ತಿಕೆ ಇದ್ದರೂ ಹೊಲಿಯುವ ಬಗೆ ಅವರದೇ. ನಮ್ಮಲ್ಲಿ ಅನೇಕರು ತುಂಡುಗಳನ್ನು ಮೊದಲು ಜೋಡಿಸಿಕೊಂಡು ಆಮೇಲೆ ಅಸ್ತರಿನ ಮೇಲೆ ಹಾಕಿ ಸಾಲು ಹೊಲಿಗೆ ಹಾಕುತ್ತೇವೆ. ಅವರು ಹಳೆಯ ಸೀರೆಯನ್ನು ಕೆಳಗೆ ಹಾಸಿ, ಒಂದು ಮೂಲೆಯಲ್ಲಿ ತುಂಡು ಇಟ್ಟು, ಅದರ ಅಂಚು ಒಳಗೆ ಮಡಚಿ, ಸೂಜಿ ಓಡಿಸುತ್ತ ಅಂಚಿನ ಗುಂಟ ಸಾಗುತ್ತಾರೆ. ಒಂದು ಸುತ್ತು ಮುಗಿದ ಮೇಲೆ ಅದರೊಳಗೆ ಇನ್ನೊಂದು ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ನಡುಮಧ್ಯಕ್ಕೆ ಬಂದು ಮುಗಿಸುತ್ತಾರೆ. ಮೊದಲೇ ಬರೆದ ನಕ್ಷೆ ಇಲ್ಲ, ಅಳತೆಪಟ್ಟಿ ಇಲ್ಲ. ಕಡೆಗೆ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಹೂವು’ ಕೂಡಿಸುತ್ತಾರೆ. ಆ ಹೂವಿಲ್ಲದೆ ಕವಂದಿ ಮುಗಿದಂತಲ್ಲ. ಮುಸ್ಲಿಂ ಮನೆಯ ಕವಂದಿಯಲ್ಲಿ ಅರ್ಧಚಂದ್ರವೂ ಕ್ರೈಸ್ತರ ಮನೆಯದರಲ್ಲಿ ಶಿಲುಬೆಯೂ ಬರುವುದುಂಟು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಎಂಬವರು 2000ದ ದಶಕದಲ್ಲಿ ಈ ಸಿದ್ದಿ ಹಳ್ಳಿಗಳಿಗೆ ಬಂದರು. ಆಫ್ರಿಕದ ಕಲೆಯನ್ನು ಬಲ್ಲ ಅವರ ಕಣ್ಣಿಗೆ ಈ ಹಾಸಿಗೆಗಳು ಬಿದ್ದವು. ಹೆಂಗಸರು ಕೂಡಿಕೊಂಡು ಕವಂದಿ ಹೊಲಿಯುವ ಒಂದು ಸಹಕಾರ ಕೂಟವಾಯಿತು. ಸ್ವಂತಕ್ಕೆ ಹೊಲಿಯುತ್ತಿದ್ದ ಕವಂದಿ ಈಗ ಮಾರಾಟಕ್ಕೂ ಸಿದ್ಧವಾಯಿತು. ಬಂದ ಹಣ ಮನೆಯ ಅಗತ್ಯಕ್ಕೂ ಮಕ್ಕಳ ಓದಿಗೂ ಒದಗಬೇಕೆಂಬುದು ಉದ್ದೇಶ. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಸಂಶೋಧನ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನವೇ ನಡೆಯಿತು. ನಮ್ಮ ಕಡೆ ಹಾಸಿ ಹೊದೆಯುವ, ಬಿಸಿಲಿಗೆ ಗೋಡೆಯ ಮೇಲೆ ಒಣಗಹಾಕುವ ವಸ್ತು ಅದು!

ಮರುಕಕ್ಕೆ ಒಮ್ಮೆ, ಕೆಲಸಕ್ಕೆ ಮತ್ತೆ ಮತ್ತೆ

ಇದರಿಂದ ನಾವು ತಿಳಿಯತಕ್ಕದ್ದೇನು? “ಪಾಪ, ಬಡವರು, ಒಂದು ಕೊಂಡರಾಯಿತು” ಎಂದು ಕೊಳ್ಳುವವರು ಒಮ್ಮೆ ಕೊಳ್ಳುತ್ತಾರೆ, ಇನ್ನೊಮ್ಮೆ ಈ ಕಡೆ ತಲೆ ಹಾಕುವುದಿಲ್ಲ. “ಎಂಥಾ ಚೆಂದ ಹೊಲಿಗೆ!” ಎಂದು ಕೊಂಡವರು ತಂಗಿಯ ಮನೆಗೂ ಒಂದು ಬೇಕೆನ್ನುತ್ತಾರೆ. ಮಕ್ಕಳ ಫೀ ಪ್ರತಿ ವರ್ಷ ಕಟ್ಟಬೇಕು. ಆದ್ದರಿಂದ ನಮಗೆ ಬೇಕಾದದ್ದು ಎರಡನೆಯ ಬಗೆಯ ಗಿರಾಕಿ. ನಿಮ್ಮ ಕಷ್ಟವನ್ನು ಹೇಳಿ ಮಾರಬೇಡಿ, ನಿಮ್ಮ ಹೊಲಿಗೆಯನ್ನು ತೋರಿಸಿ ಮಾರಿ.

ಸಂಡೂರಿನ ಲಂಬಾಣಿ ಕಸೂತಿಯವರು ಮಾಡಿದ್ದೂ ಇದನ್ನೇ. ನಮ್ಮ ಶಿರಹಟ್ಟಿ, ಮುಂಡರಗಿಯ ತಾಂಡಾಗಳಲ್ಲಿ ಅಜ್ಜಿಯಂದಿರು ಕನ್ನಡಿಬಿಲ್ಲೆ, ಕವಡೆ ಕೂಡಿಸಿ ಕಾಂಚಳಿ-ಫೇಟಿಯಾ ಹೊಲಿಯುವುದನ್ನು ನೀವು ಕಂಡಿರಬಹುದು. ಅದೇ ಕಲೆಯನ್ನು ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ 1980ರ ದಶಕದಲ್ಲಿ ಶುರುವಾದ ಕುಶಲ ಕಲಾ ಕೇಂದ್ರ ಹೆಂಗಸರ ಸಂಪಾದನೆಯ ದಾರಿಯಾಗಿ ಮಾಡಿತು. ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಗುರುತಿನ ನೋಂದಣಿಯೂ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಭೆ ಸೇರಿದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು.

ಗುಜರಾತಿನ ಜಾಂಬೂರಿನ ಹೀರಬಾಯಿ ಲೋಬಿ ಎಂಬಾಕೆಯ ಹೆಸರನ್ನೂ ಹೇಳಬೇಕು. ಈಕೆಯೂ ಸಿದ್ದಿ ಸಮಾಜದವರೇ. ಚಿಕ್ಕಂದಿನಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. ರೇಡಿಯೋ ಕೇಳಿ ಕೇಳಿ ಸರ್ಕಾರದ ಯೋಜನೆಗಳನ್ನು ತಿಳಿದುಕೊಂಡರು. ಹೆಂಗಸರನ್ನು ಕೂಡಿಸಿ ಉಳಿತಾಯ ಕಲಿಸಿದರು, ಸಾವಯವ ಗೊಬ್ಬರ ತಯಾರಿಸಿ ಮಾರುವಂತೆ ಮಾಡಿದರು, ಮಕ್ಕಳಿಗೆ ಬಾಲವಾಡಿ ತೆರೆದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗೊಬ್ಬರವಾಗಲಿ, ಕೌದಿಯಾಗಲಿ, ಸರಕು ಯಾವುದಾದರೇನು? ಹೆಂಗಸಿನ ಕೈಗೆ ಬಂದ ಕಾಸು ಮೊದಲು ಮಕ್ಕಳ ಕಡೆ ಹರಿಯಿತು ಎಂಬುದನ್ನು ಗಮನಿಸಿ.

ಒಂದು ಎಚ್ಚರಿಕೆ. ‘ಸಂಡೂರು ಲಂಬಾಣಿ’ ಎಂಬುದು ನೋಂದಣಿಯಾದ ಹೆಸರು. ‘ಕವಂದಿ’ ಎಂಬುದು ಸಿದ್ದಿ ಹೆಂಗಸರ ಶ್ರಮದ ಹೆಸರು. ನಾವು ಹೊಲಿದದ್ದಕ್ಕೆ ಆ ಹೆಸರು ಹಚ್ಚಿ ಮಾರುವುದು ಸಲ್ಲದು. ‘ಗದಗಿನ ಕೌದಿ’, ‘ಮುಂಡರಗಿಯ ಕೌದಿ’ ಎಂದು ನಮ್ಮ ಊರಿನ ಹೆಸರನ್ನೇ ಹೇಳೋಣ. ಅದಕ್ಕೇನು ಕಡಿಮೆ?

ಮಾರುವ ಕೌದಿ ಹೀಗಿರಲಿ

ಮನೆಗೆ ಹೊಲಿಯುವ ಕೌದಿಗೂ ಮಾರುವ ಕೌದಿಗೂ ಅಂತರವಿದೆ. ಮನೆಯಲ್ಲಿ ಹೊಲಿಗೆ ಬಿಚ್ಚಿದರೆ ಮತ್ತೆ ಟಾಕು ಹಾಕಿಕೊಳ್ಳುತ್ತೇವೆ. ಗಿರಾಕಿ ಹಾಗೆ ಮಾಡುವುದಿಲ್ಲ. ಆದ್ದರಿಂದ ಈ ಮಾತುಗಳು ನೆನಪಿರಲಿ.

ಮೊದಲಿಗೆ ದೊಡ್ಡ ಕೌದಿಗೆ ಕೈ ಹಾಕಬೇಡಿ. 3 ಅಡಿ ಉದ್ದ, 3 ಅಡಿ ಅಗಲದ ಕೂಸಿನ ಕೌದಿಯಿಂದ ಆರಂಭಿಸಿ. ತೊಟ್ಟಿಲ ಕಾರ್ಯಕ್ಕೆ, ಬಾಣಂತಿಯ ಮನೆಗೆ ಉಡುಗೊರೆ ಕೊಡುವವರು ಯಾವಾಗಲೂ ಇರುತ್ತಾರೆ. ಬಟ್ಟೆ ಕಡಿಮೆ, ದಿನ ಕಡಿಮೆ, ಬೆಲೆಯೂ ಕೊಳ್ಳುವವರ ಕೈಗೆ ಎಟಕುತ್ತದೆ.

ಬಟ್ಟೆಯೆಲ್ಲ ಹತ್ತಿಯದೇ ಇರಲಿ. ನೈಲಾನು, ಪಾಲಿಯೆಸ್ಟರು ಬೆರೆತರೆ ಸೂಜಿ ಜಾರುತ್ತದೆ, ಕೂಸಿನ ಮೈಗೆ ಬೆವರು. ಪೂರಾ ಜೀರ್ಣವಾದ ಸೀರೆಯನ್ನು ಒಳಗೆ ಹಾಕಬಹುದು, ಮೇಲ್ಭಾಗಕ್ಕೆ ಬೇಡ. ಎಳೆದು ನೋಡಿದಾಗ ಚರ್‌ ಎಂದರೆ ಆ ಬಟ್ಟೆ ಒರೆಸುವುದಕ್ಕೆ ಸರಿ. ಮನೆಯ ಹಳೇ ಬಟ್ಟೆ ಸಾಲದಿದ್ದರೆ ದರ್ಜಿ ಅಂಗಡಿಯ ಹೊಸ ಚೂರುಗಳನ್ನು ಕೇಳಿ ತನ್ನಿ.

ಎಲ್ಲ ಬಟ್ಟೆಯನ್ನೂ ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿಕೊಂಡೇ ಕತ್ತರಿಸಿ. ಕುಗ್ಗುವುದು ಮೊದಲೇ ಕುಗ್ಗಿಬಿಡಲಿ. ಬಣ್ಣ ಬಿಡುತ್ತದೆಯೇ ನೋಡಲು ಒದ್ದೆಯಾದ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಬಿಳಿ ಬಟ್ಟೆ ಕೆಂಪಾದರೆ ಆ ತುಂಡನ್ನು ಪಕ್ಕಕ್ಕಿಡಿ. ಒಂದು ಕೆಂಪು ಚೂರಿನಿಂದ ಹದಿನೈದು ದಿನದ ಶ್ರಮ ನೀರಿಗೆ ಹೋಗುವುದು ಬೇಡ.

ಹೊಲಿಗೆಯ ಸಾಲುಗಳ ನಡುವೆ ಒಂದೇ ಅಂತರವಿರಲಿ. ಬೆರಳಿನ ಅಗಲಕ್ಕೊಂದು ಸಾಲು ಎಂದಿಟ್ಟುಕೊಳ್ಳಬಹುದು. ಗಂಟು ಮೇಲೆ ಕಾಣದಂತೆ ಪದರದೊಳಗೆ ಸೇರಿಸಿ. ಗುಂಡಿ, ಕನ್ನಡಿಬಿಲ್ಲೆ, ಜರಿ ಕೂಸಿನ ಕೌದಿಗೆ ಬೇಡವೇ ಬೇಡ, ಮಗು ಬಾಯಿಗೆ ಹಾಕಿಕೊಂಡೀತು. ಕಸೂತಿ ಬಲ್ಲವರು ಒಂದು ಮೂಲೆಯಲ್ಲಿ ಗವಂತಿ ಹೊಲಿಗೆಯಲ್ಲಿ ಸಣ್ಣದೊಂದು ತೇರೋ, ಆನೆಯೋ ಹಾಕಿದರೆ ಅದೇ ನಿಮ್ಮ ಗುರುತಾಗುತ್ತದೆ. ಮುಗಿದ ಮೇಲೆ ಕೈಯಿಂದ ಎಲ್ಲ ಕಡೆ ಸವರಿ ನೋಡಿ. ಮುರಿದ ಸೂಜಿ ಒಳಗೆ ಉಳಿದಿರಬಾರದು. ಸೂಜಿಗಳನ್ನು ಎಣಿಸಿ ತೆಗೆದುಕೊಂಡು ಎಣಿಸಿ ಇಡುವ ರೂಢಿ ಒಳ್ಳೆಯದು.

ನಿಮ್ಮ ತಾಸಿಗೂ ಬೆಲೆ ಕಟ್ಟಿ

ಇನ್ನು ದರದ ಮಾತು. ನಮ್ಮ ಹೆಂಗಸರು ಎಡವುವುದು ಇಲ್ಲಿಯೇ. “ಮನ್ಯಾಗಿನ ಅರಿವಿ, ಮನ್ಯಾಗ ಕುಂತು ಹೊಲದದ್ದು, ಮುನ್ನೂರು ಬಂದ್ರ ಸಾಕು” ಎಂದು ಬಿಡುತ್ತಾರೆ. ಬನ್ನಿ, ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ.

ಒಂದು ಕೂಸಿನ ಕೌದಿಗೆ ಹೊಸ ಅಸ್ತರಿನ ಬಟ್ಟೆ 120 ರೂಪಾಯಿ, ದಾರ 40, ಚೂರು ಬಟ್ಟೆ 30, ಸಾಬೂನು-ಚೀಲ ಇತ್ಯಾದಿ 20. ಒಟ್ಟು 210 ರೂಪಾಯಿ ಕೈಬಿಟ್ಟಿತು. ಹೊಲಿಯಲು 14 ತಾಸು ಹಿಡಿಯಿತು ಎನ್ನೋಣ. 300ಕ್ಕೆ ಮಾರಿದರೆ ಉಳಿದದ್ದು 90 ರೂಪಾಯಿ. ತಾಸಿಗೆ ಆರೂವರೆ ರೂಪಾಯಿಯೂ ಬೀಳಲಿಲ್ಲ! ಇದಕ್ಕಿಂತ ಆ ಹೊತ್ತು ಮಲಗಿ ವಿಶ್ರಾಂತಿ ತೆಗೆದುಕೊಂಡಿದ್ದರೆ ಬೆನ್ನಾದರೂ ಉಳಿಯುತ್ತಿತ್ತು.

ಅದೇ ನಿಮ್ಮ ತಾಸಿಗೆ 40 ರೂಪಾಯಿ ಹಿಡಿಯಿರಿ. 14 ತಾಸಿಗೆ 560. ಸಾಮಾನಿನ 210 ಕೂಡಿಸಿದರೆ 770. ಇದು ನಿಮ್ಮ ಮನೆಬಾಗಿಲ ದರ. ಅಂಗಡಿಯವರು ಮಾರಿದ ಬೆಲೆಯಲ್ಲಿ ನೂರಕ್ಕೆ 20 ಇಟ್ಟುಕೊಳ್ಳುವುದಾದರೆ ಅಲ್ಲಿ ಸುಮಾರು 960 ಎಂದು ಬರೆಯಬೇಕಾಗುತ್ತದೆ. “ಅಷ್ಟು ಯಾರು ಕೊಡ್ತಾರ್ರಿ?” ನಿಜ, ಓಣಿಯಲ್ಲಿ ಕೊಡಲಿಕ್ಕಿಲ್ಲ. ನಮ್ಮಂತೆಯೇ ಕೌದಿ ಹೊಲಿಯಬಲ್ಲವರಿಗೆ ಕೌದಿ ಮಾರುವುದು ಸವದತ್ತಿಗೆ ಹೋಗಿ ಭಂಡಾರ ಮಾರಿದಂತೆ. ಹೊಲಿಯಲು ಬಾರದವರು, ಹೊಲಿಯಲು ಹೊತ್ತಿಲ್ಲದವರು ನಿಮ್ಮ ಗಿರಾಕಿಗಳು. ಹುಬ್ಬಳ್ಳಿ, ಬೆಂಗಳೂರು, ಪುಣೆಯಲ್ಲಿರುವ ನಿಮ್ಮ ಬಂಧುಗಳ ನೆರೆಹೊರೆಯವರಿಗೆ ಫೋನಿನಲ್ಲಿ ಚಿತ್ರ ಕಳಿಸಿ. ಗದಗಿನ ತೋಂಟದಾರ್ಯ ಮಠದ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆ, ಮುಂಡರಗಿಯ ಅನ್ನದಾನೀಶ್ವರ ಜಾತ್ರೆಗೆ ಪರಊರಿನಿಂದ ಬರುವ ಜನ ಎಷ್ಟಿಲ್ಲ? ಸ್ವಸಹಾಯ ಸಂಘದ ಹೆಸರಿನಲ್ಲಿ ಒಂದು ಮೇಜು ಹಾಕಲು ಕೇಳಿ ನೋಡಿ. ಸಂಘಗಳ ಸರಸ್ ಮೇಳಗಳಿಗೂ ತಾಲ್ಲೂಕು ಪಂಚಾಯತಿಯಲ್ಲಿ ವಿಚಾರಿಸಬಹುದು.

ಸಾಲ ಕೊಡಬೇಡಿ. “ಮುಂದಿನ ತಿಂಗಳು ಕೊಡತೇನಿ ವೈನೀ” ಎಂದವರ ಮುಂದಿನ ತಿಂಗಳು ಬರುವುದು ತಡ. ದೊಡ್ಡ ಕೌದಿ ಹೇಳಿ ಮಾಡಿಸುವವರಿಂದ ಅರ್ಧ ಹಣ ಮುಂಗಡ ತೆಗೆದುಕೊಳ್ಳಿ. ಸಂಕೋಚ ಬೇಡ, ದರ್ಜಿಯೂ ಕೇಳುತ್ತಾನೆ, ಬಡಿಗೇರನೂ ಕೇಳುತ್ತಾನೆ.

ನಾಲ್ಕು ಜನ ಕೂಡಿದರೆ ಇನ್ನೂ ಸಲೀಸು. ಒಬ್ಬರಿಗೆ ಬಣ್ಣ ಕೂಡಿಸುವ ಕಣ್ಣು, ಒಬ್ಬರಿಗೆ ಹೊಲಿಗೆಯ ಕೈ, ಒಬ್ಬರಿಗೆ ಮಾತಾಡುವ ಬಾಯಿ, ಒಬ್ಬರಿಗೆ ಲೆಕ್ಕ. ಸಹಕಾರದ ಪಾಠ ನಮ್ಮ ಸೀಮೆಗೆ ಹೊರಗಿನಿಂದ ಹೇಳಿಕೊಡಬೇಕಿಲ್ಲ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಕಟ್ಟಿದ ಪತ್ತಿನ ಸಂಘವೇ ಈ ದೇಶದ ಸಹಕಾರ ಚಳವಳಿಗೆ ಮೊದಲ ಮೆಟ್ಟಿಲಾಯಿತು. ಆದರೆ ಕೂಡುವ ಮೊದಲೇ ಯಾರ ಹೊಲಿಗೆಗೆ ಎಷ್ಟು, ಯಾರ ಓಡಾಟಕ್ಕೆ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹ ಕೆಡುವುದು ಬಾಯಿಲೆಕ್ಕದಿಂದ.

ಬಂದ ಹಣ ಎಲ್ಲಿಡಬೇಕು?

ಸಾಸಿವೆ ಡಬ್ಬಿಯಲ್ಲಿಟ್ಟ ಹಣ ಹಬ್ಬಕ್ಕೆ, ನೆಂಟರಿಗೆ, ಗ್ಯಾಸಿಗೆ ಎಂದು ಕರಗುತ್ತದೆ. ತಿಂಗಳಿಗೆ ಎರಡು ಕೌದಿ ಮಾರಿದಿರಿ ಎನ್ನಿ. ಮೇಲಿನ ಲೆಕ್ಕದಂತೆ ನಿಮ್ಮ ದುಡಿಮೆ 1,120 ರೂಪಾಯಿ, ವರ್ಷಕ್ಕೆ 13,440. ಇದರಲ್ಲಿ ತಿಂಗಳಿಗೆ 1,000 ರೂಪಾಯಿಯನ್ನು ಅಂಚೆ ಕಚೇರಿಯ ಆವರ್ತ ಠೇವಣಿಗೆ (ಜನ ಆರ್.ಡಿ. ಎನ್ನುವುದು ಇದಕ್ಕೇ) ಕಟ್ಟುತ್ತ ಹೋಗಿ. ಅದರ ಅವಧಿ 5 ವರ್ಷ. ಮಗು ಆರನೆಯ ತರಗತಿ ಸೇರಿದಾಗ ಶುರುಮಾಡಿದರೆ ಹತ್ತನೆಯದು ಮುಗಿಯುವ ಹೊತ್ತಿಗೆ ನೀವು ಕಟ್ಟಿದ್ದೇ 60,000, ಅದರ ಮೇಲೆ ಬಡ್ಡಿ. ಕಾಲೇಜಿನ ಬಾಗಿಲಲ್ಲಿ ನಿಂತಾಗ ಅದು ಸಣ್ಣ ಮೊತ್ತವಲ್ಲ.

ಹತ್ತು ವರ್ಷದೊಳಗಿನ ಹೆಣ್ಣುಮಗಳಿದ್ದರೆ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆ ಇದೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ಹುಡುಗಿ ಹತ್ತನೆಯ ತರಗತಿ ಪಾಸಾದ ಮೇಲೆ ಇಲ್ಲವೆ 18 ತುಂಬಿದ ಮೇಲೆ, ಓದಿನ ಖರ್ಚಿಗಾಗಿ ಅದರಲ್ಲಿನ ಅರ್ಧದವರೆಗೆ ತೆಗೆಯಬಹುದು. ಯಾವ ಖಾತೆಯಾದರೂ ಪಾಸ್‌ಬುಕ್ಕು ನಿಮ್ಮ ಕೈಯಲ್ಲಿರಲಿ.

ಮುಂಡರಗಿಯ ಒಂದು ಕಾಗದ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಾಗದದ ವಿಷಯ ಹೇಳಲೇಬೇಕು. ಮುಂಡರಗಿ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ: “ಅಕ್ಕಾರ, ಮಗಳು ಹತ್ತನೇತ್ತ ಪಾಸಾಗ್ಯಾಳ. ನಮ್ಮನಿಯವರು ‘ಹುಡುಗಿ ಮನ್ಯಾಗ ಕುಂತು ನಿನ್ನ ಕೂಡ ಕೌದಿ ಹೊಲೀಲಿ, ಆ ರೊಕ್ಕದಾಗ ಅಣ್ಣನ ಡಿಪ್ಲೊಮಾ ಫೀ ಕಟ್ಟೋಣು’ ಅಂತಾರ. ಆಕಿಗೆ ಕಲಿಯೋ ಆಸೆ ಭಾಳ ಐತ್ರಿ. ನಾ ಏನ ಮಾಡಲ್ರಿ?”

ತಂಗೀ, ನಿನ್ನ ಯಜಮಾನರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಇಬ್ಬರ ಖರ್ಚು ಕಂಡು ಹೆದರಿದ್ದಾರೆ. ಆದರೆ ಮಕ್ಕಳ ಓದಿಗೆಂದು ಹಿಡಿದ ಉದ್ಯೋಗ ಒಂದು ಮಗುವಿನ ಓದನ್ನೇ ತಿಂದುಹಾಕಿದರೆ ಅದು ಯಾತರ ಉದ್ಯೋಗ? ಹುಡುಗಿ ಮನೆಯಲ್ಲಿ ಕೂತರೆ ತಿಂಗಳಿಗೆ ಇನ್ನೆರಡು ಕೌದಿ ಹೆಚ್ಚು ಬಂದಾವು. ಅಂದರೆ ಸಾವಿರ-ಸಾವಿರದೈನೂರು ರೂಪಾಯಿ. ಅಷ್ಟಕ್ಕೆ ಆಕೆಯ ಇಡೀ ಬದುಕಿನ ಗಳಿಕೆಯನ್ನು ಒತ್ತೆ ಇಟ್ಟಂತಾಯಿತು. ಸೂಜಿ ಎಲ್ಲಿಗೂ ಓಡಿಹೋಗುವುದಿಲ್ಲ, ಇಪ್ಪತ್ತಾರಕ್ಕೂ ಹಿಡಿಯಬಹುದು, ಅರವತ್ತಾರಕ್ಕೂ ಹಿಡಿಯಬಹುದು. ಪಿ.ಯು.ಸಿ. ಪ್ರವೇಶದ ದಿನ ಮಾತ್ರ ದಾಟಿದರೆ ದಾಟಿತು. ಒಮ್ಮೆ ಬಿಟ್ಟ ಹುಡುಗಿ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ಎಂಬುದು ನಮಗೆಲ್ಲ ಗೊತ್ತು. ಬಿಟ್ಟ ಮರುವರ್ಷವೇ ‘ಒಂದು ಸಂಬಂಧ ಬಂದೈತಿ’ ಎಂಬ ಮಾತು ಶುರುವಾಗುತ್ತದೆ.

ಯಜಮಾನರ ಮುಂದೆ ಅಳಬೇಡ, ಲೆಕ್ಕ ಇಡು. ಮೊದಲನೆಯದು, ಸರ್ಕಾರಿ ಕಾಲೇಜಿನಲ್ಲಿ ಹುಡುಗಿಗೆ ನಿಜವಾಗಿ ಎಷ್ಟು ಫೀ ಎಂದು ಕಚೇರಿಗೇ ಹೋಗಿ ಕೇಳು. ಹೆಣ್ಣುಮಕ್ಕಳಿಗೆ ಇರುವ ವಿನಾಯಿತಿ, ನಿಮ್ಮ ವರ್ಗಕ್ಕೆ ಸಿಗುವ ವಿದ್ಯಾರ್ಥಿವೇತನ, ಹಾಸ್ಟೆಲ್ಲು ಎಲ್ಲ ವಿಚಾರಿಸು. ಕೇಳದೆ ಹೆದರುವುದಕ್ಕಿಂತ ಕೇಳಿ ತಿಳಿಯುವುದು ಒಳ್ಳೆಯದು. ಎರಡನೆಯದು, 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣಕ್ಕೆ ಟಿಕೆಟ್ಟಿನ ಹಣವಿಲ್ಲ. ಗದಗಿಗೆ ಹೋಗಿ ಬರುವ ಖರ್ಚು ಅಲ್ಲಿಗೆ ಕಳೆಯಿತು. ಮೂರನೆಯದು, ಉಳಿದ ಖರ್ಚನ್ನು ಕಾಗದದ ಮೇಲೆ ಬರೆದು, ನಿನ್ನ ಎರಡು ಕೌದಿಯ ಹಣವನ್ನು ಅದರ ಪಕ್ಕ ಬರೆ. ಮಗನ ಡಿಪ್ಲೊಮಾದ ಕೊರತೆಗೆ ಶಿಕ್ಷಣ ಸಾಲವೋ, ರಜೆಯಲ್ಲಿ ಅವನದೇ ದುಡಿಮೆಯೋ ಒದಗೀತು. ತಂಗಿಯ ಓದು ಬಿಡಿಸಿ ಕಟ್ಟಿದ ಫೀ ನಾಳೆ ಆ ಹುಡುಗನ ಮನಸ್ಸಿಗೂ ಭಾರವೇ.

ಹಾಗೆಂದು ಮಕ್ಕಳು ಮನೆಗೆಲಸಕ್ಕೆ ಕೈ ಹಾಕಲೇಬಾರದೆ? ಹಾಕಲಿ. ಭಾನುವಾರ ಒಂದು ತಾಸು ಮಗಳು ಬಣ್ಣ ಜೋಡಿಸಲಿ, ಮಗನೂ ಕೂತು ಚೂರು ಕತ್ತರಿಸಲಿ, ಬಟ್ಟೆ ಒಣಗಹಾಕಲಿ. ಗಂಡುಹುಡುಗ ಸೂಜಿ ಹಿಡಿದರೆ ಕೈ ಸವೆಯುವುದಿಲ್ಲ, ಊರ ದರ್ಜಿಗಳೆಲ್ಲ ಗಂಡಸರೇ ಅಲ್ಲವೇ? ಕಾಯಿದೆಯೂ ಇದನ್ನೇ ಹೇಳುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯ ಪ್ರಕಾರ 14 ವರ್ಷದೊಳಗಿನ ಮಗು ಮನೆಯ ಉದ್ಯೋಗಕ್ಕೆ ನೆರವಾಗುವುದಿದ್ದರೂ ಅದು ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಹದಿನಾಲ್ಕು ದಾಟಿದ ಮಕ್ಕಳಿಗೆ ತಾಯಿಯ ಮಾತೇ ಕಾಯಿದೆಯಾಗಬೇಕು.

ಕೌದಿ ಹೊಲಿಯುವ ಎಲ್ಲ ಸೋದರಿಯರಿಗೂ ಕಡೆಯದಾಗಿ ಒಂದು ಮಾತು. ಇಬ್ಬರು ಮಕ್ಕಳಿದ್ದರೆ ಎರಡು ಪಾಸ್‌ಬುಕ್ಕು ಮಾಡಿಸಿ. ಒಂದು ಕೌದಿಯ ಹಣ ಮಗನದಕ್ಕೆ ಹೋದರೆ ಮುಂದಿನದು ಮಗಳದಕ್ಕೆ. ಕಣ್ಣಿಗೆ ವಿಶ್ರಾಂತಿ ಕೊಡಿ, ದೀಪದ ಮಂದ ಬೆಳಕಿನಲ್ಲಿ ಹೊಲಿಯಬೇಡಿ, ತಾಸಿಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡಿ ನಾಲ್ಕು ಹೆಜ್ಜೆ ಅಡ್ಡಾಡಿ. ಮುಂಡರಗಿಯ ಸೋದರಿ, ಕಾಲೇಜಿನ ಕಚೇರಿಯಲ್ಲಿ ಏನು ಹೇಳಿದರೆಂದು ತಪ್ಪದೆ ಬರೆಯಬೇಕು. ಪ್ರವೇಶದ ಕೊನೆಯ ದಿನ ಯಾವಾಗ ಎಂಬುದನ್ನು ಮೊದಲು ಕೇಳಿ. ಈ ವಾರವೇ ಹೋಗಿ ಬನ್ನಿ, ಜೊತೆಗೆ ಮಗಳನ್ನೂ ಕರೆದುಕೊಂಡು ಹೋಗಿ.